ಕೆಂಪು ಮೂತ್ರ ಒಂದೇ, ಕಾರಣ ನಾಲ್ಕು: ಡಾಕ್ಟ್ರು ನೋಡುವ ಪುಸ್ತಕವನ್ನು ನಾವು ಹೇಗೆ ಓದಬೇಕು?



ಪ್ರತಿ ವಾರ ಅಡಿಕೆ, ಕಾಳುಮೆಣಸು, ಜೀವಾಮೃತ ಅಂತ ಬರೆಯುವವನು ಈ ವಾರ ಕೊಟ್ಟಿಗೆಗೆ ಬಂದಿದ್ದೇನೆ. ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯ ಅಲ್ಲ. ಆದರೆ ಸಾವಯವ ತೋಟ ಅಂದಮೇಲೆ ದನ ಇಲ್ಲದೆ ನಡೆಯಲ್ಲ. ದನ ಇದ್ದಮೇಲೆ ಕಾಯಿಲೆಯೂ ಇರುತ್ತೆ. ಕಾಯಿಲೆ ಬಂದ ಕೂಡಲೇ ನಮ್ಮ ಕೈ ಹೋಗೋದು ಮೊಬೈಲಿಗೆ. ಆ ಮೊಬೈಲನ್ನು ನಾನು ಒಮ್ಮೆ ತಪ್ಪಾಗಿ ಬಳಸಿ ಒಂದು ಹಸು ಕಳೆದುಕೊಂಡೆ. ಇನ್ನೊಮ್ಮೆ ಸರಿಯಾಗಿ ಬಳಸಿ ಒಂದನ್ನು ಉಳಿಸಿಕೊಂಡೆ. ಎರಡನ್ನೂ ಹೇಳ್ತೀನಿ.

ಗೌರಿಯ ಕಥೆ

ಗೌರಿ ನಮ್ಮ ಮನೆಯ ಎಚ್ಎಫ್ ಮಿಶ್ರತಳಿ ಹಸು. ಮೂರನೇ ಕರು ಹಾಕಿ ಇಪ್ಪತ್ತು ದಿನ ಆಗಿತ್ತು. ಹಾಲು ಚೆನ್ನಾಗಿ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ತರ ಬಂತು.

ನಾನು ಮೊಬೈಲ್ ತೆಗೆದು 'ಹಸು ಕೆಂಪು ಮೂತ್ರ' ಅಂತ ಹುಡುಕಿದೆ. ಮೊದಲು ಬಂದ ವಿಡಿಯೋದಲ್ಲಿ 'ಇದು ಉಣ್ಣಿ ಜ್ವರ' ಅಂದರು. ಉಣ್ಣಿ ಅಂದರೆ ನಮ್ಮ ಕಡೆ ಉಣುಗು ಅಂತೀವಲ್ಲ, ಅದೇ. ನಮ್ಮ ಮಲೆನಾಡಿನಲ್ಲಿ ಉಣುಗಿಗೆ ಬರ ಇಲ್ಲ, ಹಾಗಾಗಿ ನಂಬಿದೆ. ಆ ವಿಡಿಯೋದಲ್ಲೇ ಇಂಜೆಕ್ಷನ್ ಹೆಸರೂ ಇತ್ತು. ಪರಿಚಯದ ಒಬ್ಬರಿಂದ ಅದನ್ನು ಹಾಕಿಸಿಯೂ ಬಿಟ್ಟೆ. ಡಾಕ್ಟ್ರಿಗೆ ಫೋನ್ ಮಾಡಲಿಲ್ಲ. ಅವರು ದೂರ, ಸುಮ್ಮನೆ ಯಾಕೆ ತೊಂದರೆ ಕೊಡೋದು ಅಂದುಕೊಂಡೆ.

ಮರುದಿನ ಮೂತ್ರ ಇನ್ನೂ ಕಪ್ಪಾಯಿತು. ಹಾಲು ಅರ್ಧಕ್ಕಿಂತ ಕಡಿಮೆ ಆಯಿತು. ಮೂರನೇ ದಿನ ಗೌರಿ ಎದ್ದು ನಿಲ್ಲಲು ಒದ್ದಾಡಿದಳು. ಆಗ ಡಾಕ್ಟ್ರಿಗೆ ಫೋನ್ ಮಾಡಿದೆ. ಸಂಜೆ ಬಂದವರು ಇಂಜೆಕ್ಷನ್ ಬಗ್ಗೆ ಕೇಳಲೇ ಇಲ್ಲ. ಮೊದಲು ಕೇಳಿದ್ದು ಎರಡೇ ಪ್ರಶ್ನೆ.

'ಕರು ಹಾಕಿ ಎಷ್ಟು ದಿನ ಆಯ್ತು?'

'ಮೊದಲ ದಿನ ಜ್ವರ ಎಷ್ಟಿತ್ತು?'

ಮೊದಲನೆಯದಕ್ಕೆ ಉತ್ತರ ಗೊತ್ತಿತ್ತು. ಎರಡನೆಯದಕ್ಕೆ ಇರಲಿಲ್ಲ. ನಾನು ಥರ್ಮಾಮೀಟರ್ ಇಟ್ಟೇ ಇರಲಿಲ್ಲ. ಡಾಕ್ಟ್ರು ಇಟ್ಟು ನೋಡಿದರು, ಜ್ವರ ಇರಲಿಲ್ಲ. ಮೈಯಲ್ಲಿ ಹುಡುಕಿದರು, ಉಣುಗು ಅಲ್ಲೊಂದು ಇಲ್ಲೊಂದು, ಅಷ್ಟೇ. ಕಣ್ಣಿನ ರೆಪ್ಪೆ ಮಡಚಿ ತೋರಿಸಿದರು. ಒಳಗೆ ಗುಲಾಬಿ ಬಣ್ಣ ಇರಬೇಕಾದಲ್ಲಿ ಕಾಗದದ ತರ ಬಿಳಿಚಿಕೊಂಡಿತ್ತು.

ಅದು ಉಣ್ಣಿ ಜ್ವರ ಆಗಿರಲಿಲ್ಲ. ಕರು ಹಾಕಿದ ನಂತರ ರಂಜಕದ ಕೊರತೆಯಿಂದ ರಕ್ತಕಣ ಒಡೆಯುವ ಕಾಯಿಲೆ ಅದು. ಚಿಕಿತ್ಸೆ ಶುರು ಮಾಡಿದರು, ಆದರೆ ರಕ್ತ ಆಗಲೇ ತುಂಬಾ ಕಡಿಮೆ ಆಗಿತ್ತು. ಮರುದಿನ ಬೆಳಗಿನ ಜಾವ ಗೌರಿ ಹೋದಳು. ಇಪ್ಪತ್ತಮೂರು ದಿನದ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುವಾಗ ಏನನ್ನಿಸಿತು ಅಂತ ಇಲ್ಲಿ ಬರೆಯಲ್ಲ.

ಡಾಕ್ಟ್ರು ಜೀಪಿನಲ್ಲಿ ಕೂತು ಏನು ನೋಡಿದರು?

ಆ ಸಂಜೆ ಚಿಕಿತ್ಸೆ ಕೊಟ್ಟ ಮೇಲೆ ಡಾಕ್ಟ್ರು ಜೀಪಿನಲ್ಲಿ ಕೂತು ತಮ್ಮ ಮೊಬೈಲ್ ನೋಡುತ್ತಿದ್ದರು. ನಾನು ಹತ್ತಿರ ಹೋದಾಗ ಪರದೆ ತೋರಿಸಿದರು. ಒಂದು ಕಡೆ ಎಂಎಸ್‌ಡಿ ವೆಟರ್ನರಿ ಮ್ಯಾನ್ಯುಯಲ್ ತೆರೆದಿತ್ತು. ಅಮೆರಿಕದಲ್ಲಿ ಇದನ್ನೇ ಮರ್ಕ್ ವೆಟರ್ನರಿ ಮ್ಯಾನ್ಯುಯಲ್ ಅಂತಾರೆ. 1955ರಲ್ಲಿ ಮೊದಲು ಅಚ್ಚಾದ ದಪ್ಪ ಪುಸ್ತಕ ಅದು. ಈಗ ಪೂರ್ತಿಯಾಗಿ ಇಂಟರ್ನೆಟ್ಟಿನಲ್ಲಿ ಉಚಿತವಾಗಿದೆ. ನೀವೂ ತೆರೆಯಬಹುದು, ನಾನೂ ತೆರೆಯಬಹುದು.

ಇನ್ನೊಂದು ಕಡೆ ಅವರ ಜೊತೆ ಓದಿದ ಡಾಕ್ಟ್ರುಗಳ ವಾಟ್ಸಾಪ್ ಗುಂಪು. ಅದರಲ್ಲಿ ಅವರು ನಾಲ್ಕು ಸಾಲು ಬರೆದಿದ್ದರು: ಎಚ್ಎಫ್ ಮಿಶ್ರತಳಿ, ಆರು ವರ್ಷ, ಮೂರನೇ ಸೂಲು, ಕರು ಹಾಕಿ 22 ದಿನ. ಮೂತ್ರ ಕಾಫಿ ಬಣ್ಣ ಮೂರು ದಿನದಿಂದ. ಜ್ವರ ಇಲ್ಲ. ರೆಪ್ಪೆ ಬಿಳಿ. ಮೇವು ಬರೀ ಒಣಹುಲ್ಲು ಮತ್ತು ಬೆಟ್ಟದ ಹುಲ್ಲು. ಇಂಥ ಔಷಧಿ ಮೊನ್ನೆ ಆಗಿದೆ, ಗುಣ ಇಲ್ಲ.

ನನ್ನ ಹೆಸರಿಲ್ಲ, ಊರಿಲ್ಲ. ಆದರೆ ನನ್ನ ಗೌರಿ ಪೂರ್ತಿಯಾಗಿ ಆ ನಾಲ್ಕು ಸಾಲಿನಲ್ಲಿದ್ದಳು. ಕೆಳಗೆ ಉತ್ತರಗಳು ಬರುತ್ತಿದ್ದವು. 'ರಕ್ತಪರೀಕ್ಷೆಗೆ ಸ್ಲೈಡ್ ತೆಗೆದ್ಯಾ?' 'ಖನಿಜ ಮಿಶ್ರಣ ಕೊಡ್ತಿದ್ರಾ?' 'ನನಗೂ ಹೋದ ತಿಂಗಳು ಇಂಥದ್ದೇ ಒಂದು ಬಂದಿತ್ತು, ರಂಜಕ ನೋಡು.'

ನಾನು ಮೂರು ದಿನದ ಹಿಂದೆ ಅದೇ ಮೊಬೈಲಿನಲ್ಲಿ ಹುಡುಕಿದ್ದು ಮೂರು ಪದ. ಅವರು ಬರೆದದ್ದು ನಾಲ್ಕು ಸಾಲು. ವ್ಯತ್ಯಾಸ ಇದ್ದದ್ದು ಇಷ್ಟರಲ್ಲೇ.

ಕೇಸ್ ಹೀಗೆ ಹಂಚಿಕೊಂಡು ಚರ್ಚೆ ಮಾಡೋದು ವೈದ್ಯರಲ್ಲಿ ಹಳೇ ಪದ್ಧತಿ. ಇಂಟರ್ನೆಟ್ಟಿನಲ್ಲಿ ಇದನ್ನು ದೊಡ್ಡದಾಗಿ ಶುರು ಮಾಡಿದ್ದು ಅಮೆರಿಕದ ವೆಟರ್ನರಿ ಇನ್ಫರ್ಮೇಶನ್ ನೆಟ್‌ವರ್ಕ್. ಪಾಲ್ ಪಿಯಾನ್ ಮತ್ತು ಡಂಕನ್ ಫರ್ಗ್ಯುಸನ್ ಎಂಬ ಇಬ್ಬರು ಪಶುವೈದ್ಯರು 1991ರಲ್ಲಿ ಆರಂಭಿಸಿದ್ದು. ಒಂಟಿಯಾಗಿ ಎಲ್ಲೋ ಹಳ್ಳಿಯಲ್ಲಿ ಕೆಲಸ ಮಾಡುವ ಡಾಕ್ಟ್ರು ಕೂಡ ಅಲ್ಲಿ ಕೇಸ್ ಹಾಕಿ ತಜ್ಞರ ಅಭಿಪ್ರಾಯ ಕೇಳಬಹುದು. ಅದು ಪಶುವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳಿಗೆ ಮಾತ್ರ, ನಮಗೆ ಪ್ರವೇಶ ಇಲ್ಲ. ಇಂಥ ಜಾಗಗಳನ್ನು ಯಾಕೆ ಮುಚ್ಚಿಟ್ಟಿರ್ತಾರೆ ಅಂತ ನಮ್ಮ ಡಾಕ್ಟ್ರನ್ನು ಕೇಳಿದೆ. 'ನಾವು ಅಲ್ಲಿ ನಮ್ಮ ತಪ್ಪನ್ನೂ ಹೇಳ್ಕೋತೀವಿ. ಎಲ್ಲರೂ ನೋಡ್ತಾರೆ ಅಂದ್ರೆ ಯಾರೂ ಹೇಳಲ್ಲ' ಅಂದರು. ಅದು ನ್ಯಾಯ ಅನ್ನಿಸಿತು.

ಒಂದು ಲಕ್ಷಣ, ನಾಲ್ಕು ದಾರಿ

ಡಾಕ್ಟ್ರು ಹೇಗೆ ಯೋಚಿಸ್ತಾರೆ ಅನ್ನೋದು ಗೊತ್ತಾದರೆ ನಾವು ಯಾವ ಮಾಹಿತಿ ಕೊಡಬೇಕು ಅನ್ನೋದೂ ಗೊತ್ತಾಗುತ್ತೆ. ನಾವು 'ಕೆಂಪು ಮೂತ್ರ' ಅಂದ ತಕ್ಷಣ ಒಂದು ಕಾಯಿಲೆ ಹೆಸರು ಹೇಳ್ತೀವಿ. ಅವರು ಮೊದಲು ಪಟ್ಟಿ ಮಾಡ್ತಾರೆ, ಆಮೇಲೆ ಒಂದೊಂದನ್ನೇ ಹೊಡೆದುಹಾಕ್ತಾರೆ. ಕೆಂಪು ಮೂತ್ರಕ್ಕೆ ಮುಖ್ಯವಾದ ನಾಲ್ಕು ಕಾರಣ ನೋಡಿ:

1. ಬೆಬಿಸಿಯೋಸಿಸ್, ಅಂದರೆ ಉಣ್ಣಿ ಜ್ವರ. ಉಣುಗಿನ ಮೂಲಕ ಬರುವ ಸೂಕ್ಷ್ಮಜೀವಿ ಕೆಂಪು ರಕ್ತಕಣದ ಒಳಗೆ ಹೊಕ್ಕು ಅದನ್ನು ಒಡೆಯುತ್ತೆ. ಜ್ವರ ಜೋರಾಗಿರುತ್ತೆ, 105–106 ಡಿಗ್ರಿ ಫ್ಯಾರನ್‌ಹೀಟ್ ಕೂಡ ದಾಟಬಹುದು. ಚಿಕ್ಕ ಕರುಗಳಿಗಿಂತ ದೊಡ್ಡ ದನಗಳಿಗೆ, ನಾಟಿಗಿಂತ ವಿದೇಶಿ ತಳಿ ಮತ್ತು ಮಿಶ್ರತಳಿಗೆ ಹೆಚ್ಚು ಬಾಧೆ.

2. ರಂಜಕದ ಕೊರತೆ. ಸಾಮಾನ್ಯವಾಗಿ ಕರು ಹಾಕಿದ 2ರಿಂದ 4 ವಾರದಲ್ಲಿ, ಹೆಚ್ಚು ಹಾಲು ಕೊಡುವ, ಮೂರನೇ ಸೂಲು ದಾಟಿದ ಹಸುಗಳಲ್ಲಿ ಕಾಣುತ್ತೆ. ಹೆಚ್ಚಾಗಿ ಜೋರು ಜ್ವರ ಇರಲ್ಲ.

3. ಲೆಪ್ಟೋಸ್ಪೈರೋಸಿಸ್, ನಾವು ಇಲಿ ಜ್ವರ ಅನ್ನೋದು. ಕರುಗಳಲ್ಲಿ ಜ್ವರದ ಜೊತೆ ಕೆಂಪು ಮೂತ್ರ ಬರಬಹುದು. ಇದು ಮನುಷ್ಯರಿಗೂ ಅಂಟುತ್ತೆ. ಆದ್ದರಿಂದ ಕೆಂಪು ಮೂತ್ರ ಯಾವುದೇ ಇರಲಿ, ಬರಿಗೈಯಲ್ಲಿ ಮುಟ್ಟಬೇಡಿ. ಕೈಯಲ್ಲಿ ಗಾಯ ಇದ್ದರಂತೂ ಬೇಡವೇ ಬೇಡ.

4. ಜರೀಗಿಡದ ವಿಷ. ಹಿಮಾಲಯದ ತಪ್ಪಲಿನಂಥ ಗುಡ್ಡಗಾಡಿನಲ್ಲಿ ಬ್ರಾಕೆನ್ ಎಂಬ ಜರೀಗಿಡವನ್ನು ಬಹಳ ಕಾಲ ಮೇಯ್ದ ದನಗಳ ಮೂತ್ರಕೋಶದಲ್ಲಿ ಗಡ್ಡೆ ಬೆಳೆದು ರಕ್ತ ಸುರಿಯುತ್ತೆ. ಜ್ವರ ಇರಲ್ಲ. ರಕ್ತ ಬಂದು ಬಂದು ನಿಲ್ಲುತ್ತೆ, ಕೆಲವೊಮ್ಮೆ ಹೆಪ್ಪೂ ಬರುತ್ತೆ.

ಇಲ್ಲಿ ನಾವೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ಮೂತ್ರವನ್ನು ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಅಲ್ಲಾಡಿಸದೆ ಇಡಿ. ಕೆಂಪು ಕೆಳಗೆ ಕೂತು ಮೇಲೆ ತಿಳಿಯಾದರೆ ಅದು ಇಡೀ ರಕ್ತ, ಅಂದರೆ ಮೂತ್ರದ ದಾರಿಯಲ್ಲಿ ಎಲ್ಲೋ ಗಾಯ ಅಥವಾ ಗಡ್ಡೆ ಇರಬಹುದು. ಪೂರ್ತಿ ಒಂದೇ ಬಣ್ಣವಾಗಿ ಉಳಿದರೆ ರಕ್ತಕಣಗಳು ಮೈಯೊಳಗೇ ಒಡೆದು ಬಣ್ಣ ಮಾತ್ರ ಹೊರಗೆ ಬರುತ್ತಿರುವ ಸಾಧ್ಯತೆ ಹೆಚ್ಚು. ಇದು ಕೊನೆಯ ತೀರ್ಮಾನ ಅಲ್ಲ, ಡಾಕ್ಟ್ರಿಗೆ ಸುಳಿವು. ಆದರೆ ದೊಡ್ಡ ಸುಳಿವು.

ಒಂದು ಥರ್ಮಾಮೀಟರ್, ಒಂದು ಬಾಟಲಿ, ಕರು ಹಾಕಿದ ತಾರೀಖು. ಈ ಮೂರು ಇದ್ದಿದ್ದರೆ ಮೊದಲ ದಿನವೇ ನಮ್ಮ ಡಾಕ್ಟ್ರು ಫೋನಿನಲ್ಲೇ 'ಉಣ್ಣಿ ಜ್ವರದ ಇಂಜೆಕ್ಷನ್ ಬೇಡ, ನಾನು ಬರ್ತೀನಿ' ಅನ್ನುತ್ತಿದ್ದರು.

ತಪ್ಪು ಮಣ್ಣಿನಲ್ಲೇ ಇತ್ತು

ಗುಂಪಿನಲ್ಲಿ ಒಬ್ಬರು ಕೇಳಿದ 'ಖನಿಜ ಮಿಶ್ರಣ ಕೊಡ್ತಿದ್ರಾ?' ಅನ್ನೋ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಕೊಡುತ್ತಿರಲಿಲ್ಲ. ಸಾವಯವಕ್ಕೆ ಬಂದ ಹುರುಪಿನಲ್ಲಿ 'ಇದೂ ಕೆಮಿಕಲ್ಲೇ' ಅಂತ ನಿಲ್ಲಿಸಿದ್ದೆ. ಹಿಂಡಿ, ತೌಡು ಕೂಡ ಕಡಿಮೆ ಮಾಡಿದ್ದೆ. ನಮ್ಮ ಹುಲ್ಲು ಸಾಕು ಅಂದುಕೊಂಡಿದ್ದೆ.

ಈಗ ನೋಡಿ, ನಾನು ತೋಟಗಾರಿಕೆ ಓದಿದವನು. ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಸೇರಿಕೊಂಡು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತೆ, ಬೇರಿಗೆ ಬಿಡಲ್ಲ. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಅದಕ್ಕೇ ಅಡಿಕೆಗೆ ಶಿಲಾರಂಜಕ ಹಾಕ್ತೀನಿ. ಆದರೆ ಅದೇ ಮಣ್ಣಿನಲ್ಲಿ ಬೆಳೆದ ಹುಲ್ಲಿನಲ್ಲೂ ರಂಜಕ ಕಡಿಮೆ ಇರುತ್ತೆ, ಆ ಹುಲ್ಲು ತಿಂದ ಹಸುವಿಗೂ ಕಡಿಮೆ ಆಗುತ್ತೆ ಅನ್ನೋದು ಹೊಳೆಯಲೇ ಇಲ್ಲ. ಒಣಹುಲ್ಲಿನಲ್ಲಂತೂ ರಂಜಕ ಬಹಳ ಕಡಿಮೆ. ತೌಡಿನಲ್ಲಿ ಚೆನ್ನಾಗಿರುತ್ತೆ, ನಾನು ಅದನ್ನೇ ಕಡಿಮೆ ಮಾಡಿದ್ದೆ. ಕರು ಹಾಕಿದ ಮೇಲೆ ಹಾಲಿನ ಜೊತೆ ಇನ್ನಷ್ಟು ರಂಜಕ ಹೊರಗೆ ಹೋಗುತ್ತೆ. ರಂಜಕ ಇಲ್ಲದೆ ರಕ್ತಕಣಕ್ಕೆ ಶಕ್ತಿ ಸಿಗಲ್ಲ, ಅದರ ಗೋಡೆ ದುರ್ಬಲ ಆಗಿ ಒಡೆಯುತ್ತೆ.

ಸಾವಯವ ನಿಯಮಗಳಲ್ಲೂ ಜಾನುವಾರಿಗೆ ಖನಿಜ ಪೂರಕ ಕೊಡಲು ಅವಕಾಶ ಇದೆ. ಕೊರತೆ ಇರುವಲ್ಲಿ ಕೊಡದೇ ಇರೋದು ಸಾವಯವ ಅಲ್ಲ, ಅದು ಅಜ್ಞಾನ. ಇದನ್ನು ನನಗೇ ಹೇಳಿಕೊಳ್ತಿದ್ದೀನಿ.

ಪುಸ್ತಕದಲ್ಲಿ ಎಲ್ಲಿಯವರೆಗೆ ಓದಬೇಕು?

ಎಂಎಸ್‌ಡಿ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿದೆ. ಆದರೆ ಪ್ರತಿ ಕಾಯಿಲೆಯ ಪುಟವೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಇರುವುದರಿಂದ ನಾಲ್ಕೈದು ಪುಟ ಓದಿದರೆ ಅಭ್ಯಾಸ ಆಗುತ್ತೆ. ಕಾರಣ, ಹರಡುವ ರೀತಿ, ಲಕ್ಷಣ, ಪತ್ತೆ, ಚಿಕಿತ್ಸೆ, ತಡೆ. ಮನುಷ್ಯರಿಗೆ ಅಂಟುವ ಕಾಯಿಲೆಯಾದರೆ ಅದಕ್ಕೆ ಪ್ರತ್ಯೇಕ ಭಾಗ.

ನಾನು ಈಗ ಪಾಲಿಸುವ ನಿಯಮ ಇದು. ಕಾರಣ, ಲಕ್ಷಣ, ಪತ್ತೆ, ತಡೆ, ಮನುಷ್ಯರಿಗೆ ಅಪಾಯ, ಇವನ್ನು ಪೂರ್ತಿ ಓದ್ತೀನಿ. ಚಿಕಿತ್ಸೆಯ ಭಾಗವನ್ನು ಓದಿದರೂ ಅದರ ಡೋಸ್ ಬರೆದುಕೊಳ್ಳಲ್ಲ.

ಯಾಕೆ ಅಂತ ಕೇಳ್ತೀರಾ? ಡೋಸ್ ಇರೋದು ಒಂದು ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಅಂತ. ನಮ್ಮ ಹಸುವಿನ ತೂಕ ನಮಗೆ ಅಂದಾಜು ಮಾತ್ರ. ಒಂದೇ ಔಷಧಿ ಬೇರೆ ಬೇರೆ ಬಾಟಲಿಯಲ್ಲಿ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತೆ. ಎಲ್ಲಿ ಚುಚ್ಚಬೇಕು ಅನ್ನೋದು ಇನ್ನೂ ಮುಖ್ಯ. ಉಣ್ಣಿ ಜ್ವರಕ್ಕೆ ಕೊಡುವ ಇಮಿಡೋಕಾರ್ಬ್ ಅನ್ನು ಮಾಂಸಕ್ಕೋ ಚರ್ಮದಡಿಗೋ ಕೊಡಬೇಕು, ರಕ್ತನಾಳಕ್ಕೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕರು ಹಾಕಿದ ಹಸುವಿಗೆ ಕ್ಯಾಲ್ಸಿಯಂ ಡ್ರಿಪ್ ಬೇಗ ಬಿಟ್ಟರೆ ಹೃದಯ ನಿಲ್ಲುತ್ತೆ. ಅದಕ್ಕೇ ಡಾಕ್ಟ್ರು ಎದೆಬಡಿತ ಕೇಳ್ತಾ ನಿಧಾನವಾಗಿ ಬಿಡ್ತಾರೆ. ಇದು ಪುಟ ಓದಿ ಕಲಿಯೋ ಕೆಲಸ ಅಲ್ಲ.

ಕನ್ನಡಕ್ಕೆ ಮೊಬೈಲಿನಲ್ಲೇ ಅನುವಾದ ಮಾಡಿಕೊಂಡು ಓದುವವರಿಗೆ ಒಂದು ಎಚ್ಚರಿಕೆ. ಕಾಯಿಲೆಯ ಹೆಸರು ಮೋಸ ಮಾಡುತ್ತೆ. 'ಹಾಲು ಜ್ವರ' ಅಂತ ಓದಿ ಜ್ವರದ ಮಾತ್ರೆ ಕೊಟ್ಟವರನ್ನು ನೋಡಿದ್ದೀನಿ. ಹಾಲು ಜ್ವರದಲ್ಲಿ ಜ್ವರವೇ ಇರಲ್ಲ. ಅದು ಕ್ಯಾಲ್ಸಿಯಂ ಕೊರತೆ. ಮೈ, ಕಿವಿ ತಣ್ಣಗಾಗಿ ಹಸು ಕುತ್ತಿಗೆ ತಿರುಗಿಸಿಕೊಂಡು ಮಲಗಿಬಿಡುತ್ತೆ. ಹೆಸರು ಬಿಡಿ, ಲಕ್ಷಣ ಓದಿ.

ಯಾವ ಪುಟವನ್ನಾದರೂ ನಂಬುವ ಮೊದಲು

ಎಷ್ಟನೇ ಇಸವಿಯದ್ದು ನೋಡಿ. ಹಳೇ ಪುಸ್ತಕ, ಹಳೇ ವಿಡಿಯೋಗಳಲ್ಲಿ ದನದ ನೋವಿಗೆ ಡೈಕ್ಲೋಫೆನಾಕ್ ಅಂತ ಇರುತ್ತೆ. ಆ ಔಷಧಿ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಗುಂಪುಗುಂಪಾಗಿ ಸತ್ತವು. 2006ರಲ್ಲಿ ಭಾರತದಲ್ಲಿ ದನಗಳಿಗೆ ಅದರ ಬಳಕೆ ನಿಷೇಧ ಆಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಷೇಧದ ಪಟ್ಟಿಗೆ ಸೇರಿದವು. ನಮ್ಮ ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದಿಗೆಂದೇ ಒಂದು ವನ್ಯಧಾಮ ಮಾಡಬೇಕಾಗಿ ಬಂದಿದೆ. ಕೋಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೂಡ ಹಾಗೆಯೇ. ಮನುಷ್ಯರಿಗೆ ಕೊನೆಯ ಅಸ್ತ್ರ ಅಂತ ಉಳಿಸಿಕೊಳ್ಳಲು 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧ ಮಾಡಿದರು. ಹಳೇ ವಿಡಿಯೋಗೆ ಇದು ಗೊತ್ತಿರಲ್ಲ.

ಯಾವ ದೇಶದ್ದು ನೋಡಿ. ನಮ್ಮಲ್ಲಿ ದಿನಾ ಕಾಣುವ ಕಾಯಿಲೆ ಅಲ್ಲಿ ಅಪರೂಪ ಇರಬಹುದು, ನಮ್ಮಲ್ಲಿ ಸಿಗುವ ಔಷಧಿಗೆ ಅಲ್ಲಿ ಅನುಮತಿಯೇ ಇಲ್ಲದಿರಬಹುದು.

ಏನಾದರೂ ಮಾರುತ್ತಿದ್ದಾರಾ ನೋಡಿ. ಕಾಯಿಲೆ ಹೇಳಿದ ಬಾಯಲ್ಲೇ ಬಾಟಲಿಯ ಹೆಸರೂ ಬಂದರೆ ಸ್ವಲ್ಪ ನಿಲ್ಲಿ. ಎಐಗೆ ಪ್ರಶ್ನೆ ಕೇಳುವವರಿಗೂ ಇದೇ ಮಾತು. ಮೂರು ಪದ ಕೊಟ್ಟರೆ ಮೂರು ಪದಕ್ಕೆ ತಕ್ಕ ಉತ್ತರವೇ ಬರೋದು. ಅದು ನಿಮ್ಮ ಹಸುವಿನ ರೆಪ್ಪೆ ಮಡಚಿ ನೋಡಲ್ಲ.

ನಮ್ಮ ದೇಶದ್ದೇ ಆದ ಒಳ್ಳೆಯ ಮೂಲಗಳೂ ಇವೆ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಬರಬಹುದು ಅಂತ ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತೆ. 2020ರಲ್ಲಿ ಬಂದ ಇ-ಗೋಪಾಲ ಆ್ಯಪ್‌ನಲ್ಲಿ ಹಸುವಿಗೆ ತಕ್ಕ ಸಮತೋಲನ ಆಹಾರ ಲೆಕ್ಕ ಹಾಕಬಹುದು. ಗೌರಿ ಇದ್ದಾಗ ನಾನು ಅದೊಂದನ್ನು ಮಾಡಿದ್ದರೂ ಸಾಕಿತ್ತು. ತುರ್ತು ಇದ್ದಾಗ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಅನ್ನು ಮೊಬೈಲಿನಲ್ಲಿ ಈಗಲೇ ಸೇವ್ ಮಾಡಿಟ್ಟುಕೊಳ್ಳಿ.

ಡಾಕ್ಟ್ರಿಗೆ ಕೇಸ್ ಬರೆಯೋದು ಹೇಗೆ?

ಡಾಕ್ಟ್ರು ಗುಂಪಿನಲ್ಲಿ ಬರೆದ ನಾಲ್ಕು ಸಾಲನ್ನೇ ನಾನು ಅಚ್ಚು ಮಾಡಿಕೊಂಡೆ. ಕೊಟ್ಟಿಗೆಯ ಗೋಡೆ ಮೇಲೆ ಬರೆದು ಅಂಟಿಸಿದ್ದೀನಿ. ನೀವೂ ಈ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ:

- ಯಾರು: ತಳಿ, ವಯಸ್ಸು, ಎಷ್ಟನೇ ಸೂಲು, ಕರು ಹಾಕಿದ ತಾರೀಖು ಅಥವಾ ಗಬ್ಬದ ತಿಂಗಳು.
- ಏನು, ಯಾವಾಗಿನಿಂದ: ಮೊದಲು ಕಂಡದ್ದು ಏನು, ಆಮೇಲೆ ಏನು. ಕಾಯಿಲೆ ಹೆಸರು ಬೇಡ, ಕಂಡದ್ದನ್ನು ಮಾತ್ರ ಬರೆಯಿರಿ.
- ಜ್ವರ: ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ ಅಂಕಿ ಮತ್ತು ಸಮಯ. ಹಸುವಿಗೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮನುಷ್ಯರ ಲೆಕ್ಕ ಹಿಡಿದು ಜ್ವರ ಅಂದುಕೊಳ್ಳಬೇಡಿ.
- ಮೇವು, ಮೆಲುಕು: ತಿನ್ನುತ್ತಿದೆಯಾ, ಮೆಲುಕು ಹಾಕುತ್ತಿದೆಯಾ. ಎಡಪಕ್ಕೆಯ ಹಳ್ಳದಲ್ಲಿ ಮುಷ್ಟಿ ಒತ್ತಿ ಹಿಡಿದರೆ ಹೊಟ್ಟೆ ತಿರುವುದು ಗೊತ್ತಾಗುತ್ತೆ. ಆರೋಗ್ಯವಾಗಿದ್ದರೆ ನಿಮಿಷಕ್ಕೆ ಒಂದೆರಡು ಸಲ.
- ಹಾಲು, ಸಗಣಿ, ಮೂತ್ರ: ನಿನ್ನೆ ಎಷ್ಟು, ಇವತ್ತು ಎಷ್ಟು, ಬಣ್ಣ ಹೇಗೆ.
- ರೆಪ್ಪೆಯ ಒಳಬಣ್ಣ: ಗುಲಾಬಿ, ಬಿಳಿ, ಹಳದಿ?
- ಮೇವಿನಲ್ಲಿ ಬದಲಾವಣೆ: ಹೊಸ ಹುಲ್ಲು, ಹೊಸ ಹಿಂಡಿ, ನಿಲ್ಲಿಸಿದ್ದು ಏನು.
- ಕೊಟ್ಟ ಔಷಧಿ: ಮುಚ್ಚಿಡಬೇಡಿ. ನೀವೇ ಕೊಟ್ಟಿದ್ದರೂ ಬಾಟಲಿಯ ಫೋಟೋ ಕಳಿಸಿ. ಬೈಸಿಕೊಂಡರೂ ಪರವಾಗಿಲ್ಲ.
- ಬೇರೆ ದನಗಳು: ಉಳಿದವು ಹೇಗಿವೆ, ಪಕ್ಕದ ಮನೆಯವು ಹೇಗಿವೆ.

ವಿಡಿಯೋ ಮಾಡುವಾಗ ಹಗಲು ಬೆಳಕಿನಲ್ಲಿ, ಮೊಬೈಲ್ ಅಡ್ಡ ಹಿಡಿದು, ಅರ್ಧ ನಿಮಿಷ ಮಾಡಿ. ಮೊದಲು ದೂರದಿಂದ ಇಡೀ ಹಸು, ಆಮೇಲೆ ಉಸಿರಾಡುವ ಪಕ್ಕೆ, ಆಮೇಲೆ ನಡೆಯುವುದು. ಮೂತ್ರದ ಬಾಟಲಿ ಹಿಂದೆ ಬಿಳಿ ಕಾಗದ ಇಟ್ಟು ಫೋಟೋ ತೆಗೆಯಿರಿ. ಕೊನೆಗೆ ಒಂದು ಪ್ರಶ್ನೆ ತಪ್ಪದೇ ಕೇಳಿ: 'ಈ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು?' ಆ ಹಾಲು ಬೇರೆ ಯಾರದೋ ಮನೆಯ ಮಗು ಕುಡಿಯುತ್ತೆ.

ತುಂಗೆಯ ಕಥೆ

ಗೌರಿ ಹೋದ ಮುಂದಿನ ವರ್ಷ, ಮಳೆಗಾಲ ಶುರುವಾದ ಹೊತ್ತು. ಇನ್ನೊಂದು ಹಸು ತುಂಗೆಗೆ ಕೆಂಪು ಮೂತ್ರ. ನನ್ನ ಕೈ ನಡುಗಿತು. 'ಮತ್ತೆ ರಂಜಕ' ಅಂತ ಮನಸ್ಸು ಆಗಲೇ ತೀರ್ಮಾನ ಮಾಡಿತ್ತು.

ಆದರೆ ಪಟ್ಟಿ ಗೋಡೆ ಮೇಲಿತ್ತು. ಒಂದೊಂದೇ ತುಂಬಿದೆ. ಕರು ಹಾಕಿ ಏಳು ತಿಂಗಳು. ಜ್ವರ 106.2. ಕಿವಿಯ ಒಳಗೆ, ಕೆಚ್ಚಲ ಸಂದಿಯಲ್ಲಿ ಉಣುಗು. ಬಾಟಲಿಯಲ್ಲಿ ಮೂತ್ರ ಒಂದೇ ಬಣ್ಣ, ತಳದಲ್ಲಿ ಏನೂ ಕೂತಿಲ್ಲ. ಖನಿಜ ಮಿಶ್ರಣ ದಿನಾ ಕೊಡ್ತಿದ್ದೆ. ಔಷಧಿ ಏನೂ ಕೊಟ್ಟಿಲ್ಲ. ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿದೆ.

ಹತ್ತು ನಿಮಿಷದಲ್ಲಿ ಫೋನ್ ಬಂತು. 'ನೆರಳಲ್ಲಿ ಕಟ್ಟಿ, ನೀರು ಇಡಿ, ಏನೂ ಕೊಡ್ಬೇಡಿ. ಸ್ಲೈಡ್ ತಗೊಂಡು ಬರ್ತೀನಿ.' ಬಂದು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿದರು. ಸೂಕ್ಷ್ಮದರ್ಶಕದಲ್ಲಿ ರಕ್ತಕಣದೊಳಗೆ ಜೋಡಿಜೋಡಿಯಾಗಿ ಹನಿ ಆಕಾರದ ಜೀವಿಗಳು ಕಂಡವು. ಈ ಸಲ ಅದು ನಿಜವಾಗಿಯೂ ಉಣ್ಣಿ ಜ್ವರ. ಒಂದು ವರ್ಷದ ಹಿಂದೆ ಗೌರಿಗೆ ತಪ್ಪಾಗಿದ್ದ ಚಿಕಿತ್ಸೆಯೇ ತುಂಗೆಗೆ ಸರಿಯಾಗಿತ್ತು. ಮೂರನೇ ದಿನ ಮೂತ್ರ ತಿಳಿಯಾಯಿತು. ತುಂಗೆ ಈಗಲೂ ಕೊಟ್ಟಿಗೆಯಲ್ಲಿದ್ದಾಳೆ.

ಗೌರಿಯ ಅನುಭವ ಒಂದನ್ನೇ ನಂಬಿದ್ದರೆ ತುಂಗೆಯೂ ಹೋಗುತ್ತಿದ್ದಳು. ಅನುಭವವೂ ಒಂದು ವಿಡಿಯೋ ಇದ್ದಂತೆ. ಒಂದೇ ಹಸುವಿನದ್ದು.

ಉಣ್ಣಿ ಜ್ವರದ ಬಗ್ಗೆ ಓದುವಾಗ ಸಿಕ್ಕ ಒಂದು ಹಳೇ ಸಂಗತಿ ಹೇಳಿ ಮುಗಿಸ್ತೀನಿ. 19ನೇ ಶತಮಾನದಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಉತ್ತರಕ್ಕೆ ಹೊಡೆದುಕೊಂಡು ಹೋದ ದನಗಳು ಆರೋಗ್ಯವಾಗಿರುತ್ತಿದ್ದವು. ಆದರೆ ಅವು ಮೇಯ್ದ ಜಾಗದಲ್ಲಿ ಮೇಯ್ದ ಉತ್ತರದ ದನಗಳು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ದನ ಸಾಕುವವರಲ್ಲಿ ಕೆಲವರು ಇದಕ್ಕೆ ಉಣ್ಣಿಯೇ ಕಾರಣ ಅನ್ನುತ್ತಿದ್ದರು. ಓದಿದವರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಥಿಯೋಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಪಶುವೈದ್ಯ ಫ್ರೆಡ್ ಕಿಲ್ಬೋರ್ನ್ ಅದನ್ನು ಪರೀಕ್ಷೆಗೆ ಒಡ್ಡಿದರು. ದಕ್ಷಿಣದ ದನಗಳ ಮೈಯಿಂದ ಉಣ್ಣಿಗಳನ್ನು ಕೈಯಿಂದ ಆರಿಸಿ ತೆಗೆದು ಉತ್ತರದ ದನಗಳ ಜೊತೆ ಬಿಟ್ಟರು. ಕಾಯಿಲೆ ಬರಲಿಲ್ಲ. ಬರೀ ಉಣ್ಣಿಗಳನ್ನು ಹುಲ್ಲುಗಾವಲಿಗೆ ಚೆಲ್ಲಿದರು. ಕಾಯಿಲೆ ಬಂತು. 1893ರಲ್ಲಿ ಇದನ್ನು ಪ್ರಕಟಿಸಿದರು. 1906ರಲ್ಲಿ ಅಮೆರಿಕ ಉಣ್ಣಿ ನಿರ್ಮೂಲನ ಶುರು ಮಾಡಿ, 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಪಟ್ಟಿ ಬಿಟ್ಟು ಉಳಿದೆಡೆ ಮುಗಿಸಿತು. ನಮ್ಮ ಕೊಟ್ಟಿಗೆಯಲ್ಲಿ ಸಾಮಾನ್ಯವಾದ ಕಾಯಿಲೆ ಅವರಿಗೆ ಅಪರೂಪ ಆಗಿರೋದು ಹೀಗೆ.

ಅಲ್ಲೂ ಮೊದಲ ಸುಳಿವು ಕೊಟ್ಟದ್ದು ದನದ ಪಕ್ಕದಲ್ಲೇ ಇದ್ದವರು. ಅದನ್ನು ಪರೀಕ್ಷಿಸಿ ನಿಜ ಮಾಡಿದ್ದು ಓದಿದವರು. ಹಸುವಿನ ಜೊತೆ ದಿನವಿಡೀ ಇರೋದು ನಾವು. ಡಾಕ್ಟ್ರು ಬರೋದು ಹತ್ತು ನಿಮಿಷಕ್ಕೆ. ನಾವು ಕಂಡದ್ದನ್ನು ಸರಿಯಾಗಿ ಬರೆದು ಕೊಟ್ಟರೆ ಆ ಹತ್ತು ನಿಮಿಷದಲ್ಲಿ ಹಸು ಉಳಿಯುತ್ತೆ.

ಈ ವಾರದ ಕೆಲಸ ಮೂರು: ಒಂದು ಥರ್ಮಾಮೀಟರ್ ತಂದಿಡಿ, ಪಟ್ಟಿಯನ್ನು ಕೊಟ್ಟಿಗೆ ಗೋಡೆಗೆ ಅಂಟಿಸಿ, ಪ್ರತಿ ಹಸು ಕರು ಹಾಕಿದ ತಾರೀಖು ಬರೆದಿಡಿ. ಹಸು ಆರೋಗ್ಯವಾಗಿರುವಾಗಲೇ ಒಮ್ಮೆ ಜ್ವರ ನೋಡಿ ಅಭ್ಯಾಸ ಮಾಡಿಕೊಳ್ಳಿ.

ಮುಂದಿನ ವಾರ ಮತ್ತೆ ತೋಟಕ್ಕೆ ಹೋಗೋಣ. ಹುಳಿ ಮಣ್ಣಿನಲ್ಲಿ ರಂಜಕವನ್ನು ಬಿಡಿಸಿಕೊಳ್ಳೋದು ಹೇಗೆ ಅಂತ ಬರೀತೀನಿ. ಈ ಸಲ ಅಡಿಕೆಗೆ ಮಾತ್ರ ಅಲ್ಲ, ಹುಲ್ಲಿಗೂ ಸೇರಿಸಿ.